ಕಲ್ಲು ಕಲಿತ ಪದ

"ನಮ್ಮ ಕದಿರಕ್ಕನ ಬೀಸೋ ಪದಾನ ಕಾಲೇಜು ಹುಡುಗ್ರು ಬಾಯಿಪಾಠ ಮಾಡ್ತಾರಂತಾ? ಹಂಗಾದ್ರೆ ನಾಳೆ ರಾಗಿ ಬೀಸೋದ್ಕೂ ಪರೀಕ್ಷೆ ಇಡ್ತೀಯೇನಪ್ಪಾ ಮುನಿಕೃಷ್ಣಾ?" ಎಂದು ಪಕ್ಕದ ಮನೆಯ ಆಂಜಿನಮ್ಮ ಎಲೆಅಡಿಕೆ ತುಂಬಿದ ಬಾಯಲ್ಲೇ ನಕ್ಕಳು.

"ಇಟ್ರೆ ನೀನೇ ಮೊದಲ್ನೇ ಕ್ಲಾಸಲ್ಲಿ ಪಾಸು ಬಿಡು ಅತ್ತೆ," ಎಂದ ಮುನಿಕೃಷ್ಣಪ್ಪ.

ಬೆಳಗಿನ ಮೋಟಾರು ಹಿಡಿದು ವಕ್ಕಲೇರಿಗೆ ಬಂದವನು ಅಂಗಿ ಕೂಡ ಬಿಚ್ಚಿರಲಿಲ್ಲ. ಬೆಂಗಳೂರಿನ ಕಾಲೇಜೊಂದರಲ್ಲಿ ಇಂಗ್ಲಿಷು ಪಾಠ ಹೇಳುತ್ತಿದ್ದವನನ್ನು, ಸ್ವಾತಂತ್ರ್ಯ ಬಂದ ಮರುವರ್ಷ, ಇಂಟರ್‌ಮೀಡಿಯೆಟ್ ಮಕ್ಕಳು ಇನ್ನು ಮುಂದೆ ಏನು ಓದಬೇಕೆಂದು ಗೊತ್ತುಮಾಡುವ ಸಮಿತಿಗೆ ಹಾಕಿಕೊಂಡಿದ್ದರು. ಹೋದ ವಾರ ಸಭೆಯಲ್ಲಿ ಅವನು ಎದ್ದು ನಿಂತು, "ಹಿಮ ಕರಗುವಾಗ ಹಾಡುವ ಹಕ್ಕಿಯ ಮೇಲಿನ ಈ ಇಂಗ್ಲಿಷು ಪದ್ಯವನ್ನು ನಾನೂ ಓದಿದೆ, ಈಗ ನನ್ನ ವಿದ್ಯಾರ್ಥಿಗಳಿಗೂ ಅರೆದು ಕುಡಿಸುತ್ತಿದ್ದೇನೆ. ನಮ್ಮ ಕೋಲಾರದ ಸೀಮೆಯಲ್ಲಿ ಹಿಮ ಬಿದ್ದದ್ದು ಯಾವಾಗ, ಕರಗಿದ್ದು ಯಾವಾಗ? ಇದನ್ನು ತೆಗೆಯಿರಿ," ಎಂದಿದ್ದ. ತೆಗೆದು ಆ ಜಾಗಕ್ಕೆ ಏನು ಇಡುತ್ತೀರಿ ಎಂದು ಅಧ್ಯಕ್ಷರು ಕೇಳಿದರು. "ನನ್ನ ತಾಯಿ ರಾಗಿ ಬೀಸುವಾಗ ಹೇಳುವ ಪದ ಇಡುತ್ತೇನೆ." ಕೆಲವರು ಮುಸಿಮುಸಿ ನಕ್ಕರು. ಅಧ್ಯಕ್ಷರು ನಗಲಿಲ್ಲ. "ಸೋಮವಾರದ ಸಭೆಗೆ ಬರೆದು ತನ್ನಿ. ತರದಿದ್ದರೆ ಹಕ್ಕಿಯೇ ಇರಲಿ," ಎಂದರು.

ಮುಳಬಾಗಿಲಿನ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣೊಬ್ಬಳು ಒಂದೊಂದು ಹಿಡಿ ರಾಗಿಗೂ ತವರಿನ ಒಬ್ಬೊಬ್ಬರ ಹೆಸರು ಹೇಳಿ ಕಲ್ಲಿಗೆ ಹಾಕುವ ಪದ ಅದು. ಚಿಕ್ಕಂದಿನಲ್ಲಿ ಕೋಳಿ ಕೂಗುವ ಮುಂಚೆ ಕಂಬಳಿಯೊಳಗಿಂದಲೇ ಅದನ್ನು ಕೇಳಿ ಬೆಳೆದಿದ್ದ. ಈಗ ಅವನಿಗೆ ಉಳಿದಿದ್ದದ್ದು ಧಾಟಿಯೊಂದೇ.

"ಎಲ್ಲಿ, ಕೂತ್ಕೊಂಡು ಹೇಳಮ್ಮ, ಬರ್ಕೊತೀನಿ," ಎಂದು ಪೆನ್ಸಿಲು ತೆಗೆದ.

"ಕಲ್ಲಿಲ್ದೆ ಆ ಪದ ಹೇಳ್ಬಾರ್ದು ನಾಯ್ನಾ," ಎಂದಳು ತಾಯಿ ಕದಿರಮ್ಮ. "ರಾಗಿ ಬೀಳ್ಳಿ, ಕಲ್ಲು ತಿರುಗ್ಲಿ. ಪದ ತಾನಾಗೇ ಬರ್ತದೆ."

ಕೋಲಾರಕ್ಕೆ ಹಿಟ್ಟಿನ ಮಿಷನ್ನು ಬಂದ ಮೇಲೆ ಮನೆಯ ರಾಗಿ ಗಾಡಿಯಲ್ಲೇ ಹೋಗಿ ಹಿಟ್ಟಾಗಿ ಬರುತ್ತಿತ್ತು. ಮೂಲೆಯ ಬೀಸುವ ಕಲ್ಲಿನ ಮೇಲೆ ಕೋಳಿ ಮುಚ್ಚುವ ಮಂಕರಿ ಕೂತಿತ್ತು. ಮಂಕರಿ ಎತ್ತಿದರೆ ಕಲ್ಲಿನ ಮೇಲೆ ಧೂಳೇ ಇಲ್ಲ. ಅರಿಶಿನ ಕುಂಕುಮ ಇನ್ನೂ ಹಸಿಯಾಗಿದ್ದಂತಿತ್ತು. ಯಾವುದೋ ಹಬ್ಬಕ್ಕೆ ಇಟ್ಟಿರಬೇಕು ಎಂದುಕೊಂಡ ಮುನಿಕೃಷ್ಣಪ್ಪ.

ಇಬ್ಬರು ಹೆಂಗಸರೂ ಎದುರು ಬದುರು ಕಾಲು ಚಾಚಿ ಗೂಟ ಹಿಡಿದರು. ಕದಿರಮ್ಮ ಒಂದು ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಬಿಟ್ಟು, "ಮೊದಲ ಹಿಡಿ ಹಾಕೇನು ಹೆತ್ತವ್ವ ನಿನ್ನೆಸರ..." ಎಂದು ಎಳೆದಳು. ಅವನು ಬರೆದುಕೊಂಡ. ಕಲ್ಲು ಸುತ್ತುತ್ತಲೇ ಇತ್ತು, ಪದ ಮುಂದೆ ಬರಲಿಲ್ಲ.

"ಆಮೇಲೆ ಅಣ್ಣನ ಹೆಸರೋ, ಸೇದೋ ಬಾವಿ ಹೆಸರೋ... ತಡಿ, ಬರ್ತದೆ."

ಇನ್ನೊಂದು ಹಿಡಿ ಬಿತ್ತು. ಕಲ್ಲಿಗೆ ಓಟ ಸಿಕ್ಕಿತು. ಕದಿರಮ್ಮನ ಕಣ್ಣು ಅರ್ಧ ಮುಚ್ಚಿ, ಬಾಯಿ ತೆರೆಯಿತು.

ಮೊದಲು ಅವನು ತೆಲುಗಿನ ಪದವಿರಬೇಕು ಎಂದುಕೊಂಡ. ಆ ಊರಲ್ಲಿ ಅರ್ಧ ಪದಗಳು ತೆಲುಗಿನವೇ. ಆಮೇಲೆ ಹಕ್ಕಿಯ ಹೆಸರು ಬಂತು. ಹಿಮ ಬಂತು. ಪೆನ್ಸಿಲು ಹಿಡಿದ ಕೈ ಹಾಗೇ ನಿಂತಿತು. ಚರಣದ ಮೇಲೆ ಚರಣ, ಒಂದು ಸಾಲೂ ತಪ್ಪದೆ, ಅದೇ ಬೀಸುವ ಧಾಟಿಯಲ್ಲಿ ಇಂಗ್ಲಿಷು ಪದ್ಯ ಕಲ್ಲಿನ ಸುತ್ತ ತಿರುಗತೊಡಗಿತು. ಸಾಲಿನ ಕೊನೆಗೆ ಆಂಜಿನಮ್ಮನೂ ಎಲೆಅಡಿಕೆ ಕೆನ್ನೆಗೆ ಒತ್ತರಿಸಿಕೊಂಡು ದನಿಗೂಡಿಸುತ್ತಿದ್ದಳು.

"ಅಮ್ಮಾ." ಅವನು ಪೆನ್ಸಿಲು ಕೆಳಗಿಟ್ಟ. "ಇದನ್ನ ಯಾರು ಹೇಳ್ಕೊಟ್ರು ನಿಂಗೆ?"

"ಇನ್ಯಾರು, ನೀನೇ." ಕದಿರಮ್ಮ ಗೂಟ ಬಿಡಲಿಲ್ಲ. "ದೊಡ್ಡ ಪರೀಕ್ಷೆಗೆ ಕೂತ್ಯಲ್ಲ, ಆ ವರ್ಷ. 'ಅಮ್ಮಾ, ಆ ಪದ ನಿಲ್ಸು, ನಂಗೆ ತಲೆಗೆ ಹತ್ತಲ್ಲ' ಅಂದೆ. ನಿಲ್ಲಿಸ್ದೆ. ಬಾಯಿ ಮುಚ್ಕೊಂಡು ಕೂತ್ರೆ ಕಲ್ಲು ತಿರುಗ್ತದಾ? ಒಳಗೆ ನೀನು ಇದನ್ನೇ ಗಿಳಿ ಥರ ಒದರ್ತಿದ್ದೆ. ಕೈ ಅದಕ್ಕೇ ಒಗ್ಗೋಯ್ತು."

"ನಿಮ್ಮಣ್ಣ ಪೆದ್ದಪ್ಪ ಎರಡು ಸಲ ಡುಮ್ಕಿ ಹೊಡ್ದೋನು," ಎಂದು ಆಂಜಿನಮ್ಮ ಬಾಯಿ ಹಾಕಿದಳು. "ನೀನು ಮಾತ್ರ ಒಂದೇ ಏಟ್ಗೆ ಪಾಸು. ಈ ಮಂತ್ರದಲ್ಲಿ ಸತ್ವ ಅದೆ ಅಂತ ಊರಿಗೇ ಗೊತ್ತಾಯ್ತು. ಈಗ ಯಾರ ಮನೇಲಿ ಮಗ ಪರೀಕ್ಷೆಗೆ ಕೂತ್ರೂ ಮಿಷನ್ ಹಿಟ್ಟು ಆಗಲ್ಲ. ಈ ಕಲ್ಲಿಗೆ ಪೂಜೆ ಮಾಡಿ, ಇದನ್ನ ಹೇಳಿ ಬೀಸಿದ ಹಿಟ್ಟಲ್ಲೇ ಮುದ್ದೆ. ನನ್ನ ಮೊಮ್ಮಗ ತಿಂದ್ಕೊಂಡು ಹೋಗಿ ಮೊನ್ನೆ ತಾನೇ ಬರ್ದು ಬಂದವ್ನೆ."

ಆ ದಿನ ತಾನು ಹಾಗಂದದ್ದು ಮುನಿಕೃಷ್ಣಪ್ಪನಿಗೆ ಎಷ್ಟು ಹುಡುಕಿದರೂ ನೆನಪಾಗಲಿಲ್ಲ.

"ಹಳೇ ಪದ, ಅಮ್ಮ? ಒಂದು ಚೂರಾದ್ರೂ?"

"ಆಗಿಂದ ಹುಡುಕ್ತಾನೇ ಇದೀನಪ್ಪ. ಬಾಯಿ ತೆಗೆದ್ರೆ ಇದೇ ಬಂದು ಮುಂದೆ ಕೂತ್ಕೊಳ್ತದೆ." ಅವಳು ಮಗನ ಮುಖ ನೋಡಿದಳು. ಕಲ್ಲು ನಿಧಾನವಾಯಿತು. "ಯಾಕೆ ಹಂಗಾದೆ? ಏನಾರ ತಪ್ಪು ಹೇಳಿದ್ನಾ?"

"ಇಲ್ಲಮ್ಮ. ಒಂದಕ್ಷರಾನೂ ತಪ್ಪಿಲ್ಲ."

"ಅದೇ ಬರ್ಕೊ ಮತ್ತೆ. ಇಷ್ಟು ವರ್ಷದಿಂದ ಕೇಳ್ಬೇಕು ಅಂತಿದ್ದೆ ನಿನ್ನ. ಇದು ಯಾವ ದೇವ್ರುದು?"

"ದೇವ್ರುದಲ್ಲಮ್ಮ. ಅದೊಂದು ಹಕ್ಕಿ ಮೇಲಿಂದು."

ಆಂಜಿನಮ್ಮನ ಕೈ ಗೂಟದಿಂದ ಜಾರಿತು. ಕದಿರಮ್ಮ ಮಗನ ಕಡೆ ಬಗ್ಗಿದಳು.

"ಹಕ್ಕಿನಾ? ಎಂಥಾದು, ಹೆಂಗಿರ್ತದೆ?"

"ನಾನೂ ನೋಡಿಲ್ಲ," ಎಂದ ಮುನಿಕೃಷ್ಣಪ್ಪ.

ಅವಳ ಬಲಗೈ ರೂಢಿಯಂತೆ ಮೊರಕ್ಕೆ ಹೋಗಿ ಒಂದು ಹಿಡಿ ರಾಗಿ ತುಂಬಿಕೊಂಡು ಕಲ್ಲಿನ ಬಾಯಿಗೆ ಬಂತು. ಮುಷ್ಟಿ ಬಿಚ್ಚಿತು. ರಾಗಿ ಸರಸರನೆ ಒಳಗಿಳಿಯಿತು. ಕಲ್ಲು ತಿರುಗಲಿಲ್ಲ.