ಬಳೆಯೊಳಗಿಂದ ಜಾರಿದ್ದು

ಶೆಡ್ಡಿನ ಗಡಿಯಾರದಲ್ಲಿ ಹತ್ತೂವರೆ. ಹನ್ನೊಂದಕ್ಕೆ ಮೀನುಗಾರಿಕೆ ಕಚೇರಿಯ ಮೇಡಂ ಸಹಿ ಹಾಕಿದರೆ ಮೈದುನನ ದೋಣಿಯ ಪರವಾನಗಿ ರದ್ದು. ಬಳೆಯಕ್ಕ ಬೆಳಗ್ಗೆಯಿಂದ ಗಡಿಯಾರವನ್ನೇ ನೋಡುತ್ತಿದ್ದಳು. ಕೈ ಮಾತ್ರ ತನ್ನ ಪಾಡಿಗೆ ತಾನು ಚಿಪ್ಪು ವಿಂಗಡಿಸುತ್ತಿತ್ತು.

ಆ ಹೆಸರು ಬಂದದ್ದು ಅವಳ ಸೊಂಟದಲ್ಲಿ ದಾರಕ್ಕೆ ಕಟ್ಟಿ ನೇತುಹಾಕಿದ ಹಿತ್ತಾಳೆ ಬಳೆಯಿಂದ. ಕೂಸಿನ ಕೈಗಾಗುವಷ್ಟು ಸಣ್ಣದು. ಅತ್ತೆ ಕೊಟ್ಟದ್ದು, ತೊಡುವುದಕ್ಕಲ್ಲ, ಅಳೆಯುವುದಕ್ಕೆ. ಕೆಸರಿನಿಂದ ತೆಗೆದ ಕಪ್ಪೆಚಿಪ್ಪು ಬಳೆಯೊಳಗಿಂದ ಜಾರಿದರೆ ಅದಿನ್ನೂ ಮರಿ, ನೀರಿಗೇ ಬಿಡಬೇಕು. ಸೊಸೆಯಂದಿರ ಎಷ್ಟೋ ತಪ್ಪುಗಳಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಅತ್ತೆ ಇದೊಂದರಲ್ಲಿ ಬಿಟ್ಟವಳಲ್ಲ.

ನಾಲ್ಕು ವರ್ಷದ ಹಿಂದೆ ದೂರದ ಯಾವುದೋ ಸಮುದ್ರದ ಪಟ್ಟೆಚಿಪ್ಪು ಗೋಣಿಗಟ್ಟಲೆ ಶೆಡ್ಡಿಗೆ ಬರತೊಡಗಿತ್ತು. ಸಣ್ಣವನ್ನೆಲ್ಲ ಕುದಿಯುವ ನೀರಿನ ಡ್ರಮ್ಮಿಗೆ ಸುರಿಯಬೇಕೆಂದು ಅಪ್ಪಣೆ. ಬಾಯಿ ಬಿಟ್ಟು ಉಸಿರಾಡುವ ಮರಿಗಳನ್ನು ಸುರಿಯಲು ಬಳೆಯಕ್ಕನಿಗೆ ಕೈ ಬರಲಿಲ್ಲ. ಊಟದ ಡಬ್ಬಿಯಲ್ಲಿ ತುಂಬಿಕೊಂಡು, ಮನೆಗೆ ಹೋಗುವ ದಾರಿಯಲ್ಲಿ ಮೈದುನ ದೋಣಿ ಕಟ್ಟುವ ಕಲ್ಲುಮೆಟ್ಟಿಲಿನಿಂದ ನೀರಿಗೆ ಬಿಟ್ಟಳು. ಒಂದು ದಿನವಲ್ಲ, ನಾಲ್ಕು ತಿಂಗಳು.

ಈಗ ಎಲ್ಲಿ ಅಗೆದರೂ ಪಟ್ಟೆಚಿಪ್ಪೇ. ಅತ್ತೆಯ ಕಾಲದ ಕಪ್ಪೆಚಿಪ್ಪು ಬೆಳಗ್ಗೆಯೆಲ್ಲ ತಡಕಿದರೂ ಒಂದು ಹಿಡಿ ಸಿಕ್ಕುವುದಿಲ್ಲ.

ಮೇಡಂ ಸ್ಟೀಲ್ ಮೇಜಿನ ಮೇಲೆ ನಕಾಶೆ ಹರಡಿದರು. ಎದುರಿಗೆ ಮೈದುನ ನಿಂತಿದ್ದ. ಹೆಂಗಸರೆಲ್ಲ ಕೈಯ ಕೆಲಸ ಬಿಟ್ಟು ಸುತ್ತ ನಿಂತರು.

"ಮೆಟ್ಟಿಲ ಹತ್ರ ಸಿಕ್ಕಿದ ಪಟ್ಟೆಚಿಪ್ಪೇ ಎಲ್ಲಕ್ಕಿಂತ ಹಳೇವು. ಚಿಪ್ಪಿನ ಮೇಲಿನ ಗೆರೆ ನೋಡಿದ್ರೆ ವಯಸ್ಸು ಗೊತ್ತಾಗುತ್ತೆ, ನಾಲ್ಕು ವರ್ಷ. ಅಲ್ಲಿ ಕಟ್ಟೋದು ನಿಮ್ಮದೊಂದೇ ದೋಣಿ. ಬೇರೆ ಬಂದರಿಗೆ ಹೋದಾಗ ತಳದಲ್ಲಿ ನಿಂತ ನೀರಿನ ಜೊತೆ ಬಂದಿರುತ್ತೆ."

"ಮೇಡಂ, ಆ ವರ್ಷ ನನಗೆ ಸೊಂಟ ಹಿಡಿದಿತ್ತು," ಎಂದ ಮೈದುನ. "ಬಂದರಿರ್ಲಿ, ಬಚ್ಚಲಿಗೆ ಹೋಗೋಕೂ ಇವಳೇ ಕೈ ಹಿಡೀಬೇಕಿತ್ತು."

ಯಾರೋ ಕಿಸಕ್ಕನೆ ನಕ್ಕರು. ಅವನ ಹೆಂಡತಿ, ಬಳೆಯಕ್ಕನ ವಾರಗಿತ್ತಿ, ಕೈಯಲ್ಲಿದ್ದ ಚಾಕುವನ್ನು ಮೇಜಿನ ಮೇಲೆ ಕುಕ್ಕಿದಳು. "ನಗ್ರಿ, ನಗ್ರಿ. ನಾಳೆ ನಿಮ್ಮ ಮನೆಯೋರ ದೋಣಿಗೆ ಸೀಲು ಬಿದ್ದಾಗ ನಾನೂ ಬಂದು ಹಲ್ಲು ಕಿರೀತೀನಿ."

"ನೀವು ಹೋಗದಿದ್ರೆ ದೋಣೀನ ಬೇರೆ ಯಾರಾದ್ರೂ ಒಯ್ದಿರಬಹುದು," ಎಂದರು ಮೇಡಂ. ದನಿ ಗಟ್ಟಿಯಾಗಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ಬೇರೆ ಕಾರಣ ಇದ್ರೆ ಹೇಳಿ, ಬರ್ಕೋತೀನಿ."

ವಾರಗಿತ್ತಿ ಥಟ್ಟನೆ ತಿರುಗಿದಳು. "ಅಕ್ಕ, ನೀನಾದ್ರೂ ಹೇಳೇ! ಆ ವರ್ಷ ದಿನಾ ಸಾಯಂಕಾಲ ಮೆಟ್ಟಿಲ ಹತ್ರ ಬರ್ತಿದ್ಯಲ್ಲ. ದೋಣಿ ಕಟ್ಟಿದ ಜಾಗ ಬಿಟ್ಟು ಅಲ್ಲಾಡಿತ್ತಾ?"

ಬಳೆಯಕ್ಕ ಮತ್ತೆ ಗಡಿಯಾರ ನೋಡಿದಳು. ಅರ್ಧ ನಿಜ ಸಾಕಾಗಬಹುದೇನೋ. "ಇಲ್ಲ ಮೇಡಂ, ದೋಣಿ ಅಲ್ಲೇ ಇತ್ತು. ಕಣ್ಣಾರೆ ನೋಡಿದ್ದೀನಿ."

"ನೀವು ಅವರ ಮನೆಯವರೇ ಅಲ್ವಾ?" ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಮೈದುನ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಂಡ. ಹಗ್ಗ ಎಳೆದೆಳೆದು ದಡ್ಡುಗಟ್ಟಿದ ಅಂಗೈ. ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಬಳೆಯಕ್ಕ ಸೊಂಟದ ದಾರ ಬಿಚ್ಚಿ, ಬಳೆಯನ್ನು ನಕಾಶೆಯ ಮೇಲಿಟ್ಟಳು.

"ದಿನಾ ಯಾಕೆ ಬರ್ತಿದ್ದೆ ಅಂತ ಕೇಳಿ ಮೇಡಂ."

ಡಬ್ಬಿಯಲ್ಲಿ ಮರಿ ಒಯ್ದು ನೀರಿಗೆ ಬಿಟ್ಟದ್ದನ್ನೆಲ್ಲ ಹೇಳಿ ಮುಗಿಸಿದಳು. ಮೊದಲು ಬಾಯಿ ಬಿಟ್ಟವನು ಶೆಡ್ಡಿನ ಮೇಸ್ತ್ರಿ. "ಜೀವಂತ ಚಿಪ್ಪು ಆಚೆ ಒಯ್ಯಬಾರ್ದು ಅಂತ ಗೋಡೆ ಮೇಲೆ ಇಷ್ಟು ದೊಡ್ಡದಾಗಿ ಬರೆದಿದೆಯಲ್ಲಮ್ಮ!"

"ಕದಿಯೋರಿಗೆ ಬರೆದಿದ್ದು ಅಂದ್ಕೊಂಡಿದ್ದೆ," ಎಂದಳು. "ನಾನು ಕದೀಲಿಲ್ವಲ್ಲ."

ಮೇಡಂ ಬರೆದಿದ್ದ ಕಾಗದವನ್ನು ಅಡ್ಡ ಹರಿದು, ಹೊಸ ಹಾಳೆ ತೆಗೆದು ಅವಳ ಹೇಳಿಕೆ ಬರೆದುಕೊಂಡರು. ಬಳೆಯಕ್ಕ ಅದಕ್ಕೆ ಹೆಬ್ಬೆಟ್ಟಲ್ಲ, ಪೂರ್ತಿ ಹೆಸರು ಬರೆದು ಸಹಿ ಹಾಕಿದಳು, ಬಳೆಯನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಂಡಳು. ಮೇಸ್ತ್ರಿ ಅವಳ ಏಪ್ರನ್ನಿಗಾಗಿ ಕೈ ಚಾಚಿದ.

ಬಾಗಿಲಲ್ಲಿ ವಾರಗಿತ್ತಿ ಅಡ್ಡ ನಿಂತಿದ್ದಳು. "ಯಾವಾಗ ಗೊತ್ತಾಯ್ತು ನಿಂಗೆ?"

"ಹೋದ ವರ್ಷ."

"ಒಂದು ವರ್ಷ ನನ್ನ ಪಕ್ಕದಲ್ಲೇ ನಿಂತು ಚಿಪ್ಪು ಆರಿಸಿದೆ. ನಿಂಗೆ ಹೊಟ್ಟೆಗೆ ಹೇಗೆ ಅನ್ನ ಇಳೀತು?"

ಇಳಿದಿರಲಿಲ್ಲ. ಆದರೆ ಅದನ್ನು ಈಗ ಹೇಳುವುದು ಕರುಣೆ ಬೇಡಿದಂತಾಗುತ್ತದೆ ಅನಿಸಿ ಬಳೆಯಕ್ಕ ಅವಳ ಪಕ್ಕದಿಂದ ಸರಿದು ಹೊರಗೆ ನಡೆದಳು.

ಮಧ್ಯಾಹ್ನ ನೀರು ಇಳಿದಾಗ ಬಕೆಟ್ಟು ಹಿಡಿದು ಮೆಟ್ಟಿಲಿನ ಕೆಳಗೆ ಕೆಸರಿಗಿಳಿದಳು. ಯಾರೂ ಹೇಳಿರಲಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ಬೆರಳಾಡಿಸಿದಲ್ಲೆಲ್ಲ ಪಟ್ಟೆಚಿಪ್ಪು. ಸ್ವಲ್ಪ ಹೊತ್ತಿಗೆ ಮೇಲಿನ ಮೆಟ್ಟಿಲ ಮೇಲೆ ನೆರಳು ಬಿತ್ತು. ವಾರಗಿತ್ತಿ ದೋಣಿಯ ಹಗ್ಗ ಹಿಡಿದು ನಿಂತಿದ್ದಳು.

ಬಳೆಯಕ್ಕನ ಕೈಗೆ ಉಗುರಿನಷ್ಟು ಚಿಕ್ಕದೊಂದು ಸಿಕ್ಕಿತು. ಬಳೆಯೊಳಗೆ ಹಾಕಿದಳು, ಜಾರಿತು. ಮೂವತ್ತು ವರ್ಷದ ಅಭ್ಯಾಸ, ತೋಳು ತಾನಾಗಿಯೇ ನೀರಿನ ಕಡೆ ಬೀಸಿತು. ಅರ್ಧಕ್ಕೇ ತಡೆದಳು. ಮುಷ್ಟಿಯೊಳಗೆ ಮರಿ ಬಾಯಿ ಮುಚ್ಚಿಕೊಂಡದ್ದು ಅಂಗೈಗೆ ತಿಳಿಯಿತು. ಬಕೆಟ್ಟಿಗೆ ಹಾಕಿದಳು. ಟಕ್ಕೆಂದಿತು.

"ಕಾಲ ಹತ್ರ ಇನ್ನೊಂದಿದೆ," ಎಂದಳು ವಾರಗಿತ್ತಿ ಮೇಲಿನಿಂದ.

ಅಕ್ಕ ಎನ್ನಲಿಲ್ಲ. ಬಳೆಯಕ್ಕ ಬಗ್ಗಿ ಅದನ್ನೂ ತೆಗೆದಳು.