ಹದಿನಾಲ್ಕನೆಯ ಕುರ್ಚಿ

ಪ್ಯಾರಿಸ್ಸಿನ ದೊಡ್ಡವರಿಗೆ ದೇವರ ಭಯ ಇತ್ತೋ ಇಲ್ಲವೋ, ಹದಿಮೂರರ ಭಯವಂತೂ ಇತ್ತು. ಒಂದೇ ಮೇಜಿಗೆ ಹದಿಮೂರು ಜನ ಕೂತು ಉಂಡರೆ ವರ್ಷದೊಳಗೆ ಒಬ್ಬರು ಮಣ್ಣು ಸೇರುತ್ತಾರಂತೆ. ಹಾಗಾಗಿ ಬ್ಲಾನ್ಶ್ ಮನೆಯ ಭಾನುವಾರದ ಊಟಕ್ಕೆ ಯಾರಾದರೂ ಕೈಕೊಟ್ಟು ಹದಿಮೂರೇ ಜನ ಉಳಿದರೆ, ಕೊನೆಗಳಿಗೆಯಲ್ಲಿ ಓದಿಲ್‌ಗೆ ಕರೆ ಬರುತ್ತಿತ್ತು. ಓದಿಲ್ ಬ್ಲಾನ್ಶ್‌ಳ ದೊಡ್ಡಪ್ಪನ ಮಗಳು, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು. ಕೆಲವರು ಆಟಕ್ಕುಂಟು ಲೆಕ್ಕಕ್ಕಿಲ್ಲ. ಇವಳು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಈ ಸಲ ಮಾತ್ರ ವಾರ ಮೊದಲೇ ಅವಳ ಹೆಸರಿಗೆ ಕರೆಯೋಲೆ ಬಂತು. ತನಗಾಗಿಯೇ ಕರೆದಿದ್ದಾರೆ! ಅವಳು ಬಿಳಿ ಕೈಗವಸುಗಳನ್ನು ಬ್ರೆಡ್ಡಿನ ತಿರುಳಿನಿಂದ ಉಜ್ಜಿ ಬೆಳ್ಳಗೆ ಮಾಡಿಕೊಂಡು ಹೋದಳು.

ನ್ಯಾಯಾಧೀಶ ಲೂವೆಲ್ ಬಂದಿರಲಿಲ್ಲ. ಕಾದು ಕಾದು ಸಾಕಾಗಿ ಎಲ್ಲರೂ ಊಟಕ್ಕೆ ಕೂತರು. ಸೂಪು ಬಡಿಸುವಷ್ಟರಲ್ಲಿ ಮುದಿ ಕೌಂಟೆಸ್ ಚಮಚ ಕೆಳಗಿಟ್ಟಳು.

"ಅಯ್ಯೋ, ನಾವು ಹದಿಮೂರು ಜನ ಇದೀವಿ!"

ಯಾರೂ ಯಾರಿಗೂ ಎದ್ದು ಹೋಗು ಎನ್ನಲಿಲ್ಲ. ಮರ್ಯಾದಸ್ಥರು ಹಾಗೆಲ್ಲ ಹೇಳುವುದುಂಟೇ? ಕಣ್ಣುಗಳು ಮಾತ್ರ ಮೇಜಿನ ಸುತ್ತ ಅಲೆದು, ಒಂದೊಂದಾಗಿ ಓದಿಲ್ ಮೇಲೆ ಬಂದು ನಿಂತವು.

"ನನಗೆ ಯಾಕೋ ತಲೆನೋವು ಬ್ಲಾನ್ಶ್. ಹೊರಡ್ತೀನಿ."

"ಛೆ ಛೆ, ಕೂತ್ಕೊಳೇ! ಊಟ ಬಿಟ್ಟು ಹೋಗ್ತಾರಾ ಯಾರಾದ್ರೂ?" ಎಂದಳು ಬ್ಲಾನ್ಶ್. ಅಷ್ಟರಲ್ಲಿ ಆಳು ಫಿರ್ಮಿನ್ ಓದಿಲ್‌ಳ ಕೋಟು ಹಿಡಿದು ಹಿಂದೆ ನಿಂತಿದ್ದ.

ಬೀದಿ ಬಾಗಿಲಲ್ಲಿ ಟ್ಯಾಕ್ಸಿಯಿಂದಿಳಿದ ಲೂವೆಲ್ ಅವಳತ್ತ ನೋಡದೆಯೇ ಒಳಗೆ ನುಗ್ಗಿದ. ಓದಿಲ್ ನಾಲ್ಕು ಹೆಜ್ಜೆ ಹಾಕಿದವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಳಗೆ ಉಳಿದವರು ಹನ್ನೆರಡು, ಇವನೊಬ್ಬ. ಮತ್ತೆ ಹದಿಮೂರು!

ಥೂ, ಮಾನ ಇದ್ದರೆ ಬೇಗ ಬೇಗ ನಡಿ ಎಂದು ತನಗೆ ತಾನೇ ಬೈದುಕೊಂಡಳು. ಆದರೂ ಕಾಲು ನಿಧಾನವಾಯಿತು. ಹೂವಿನಂಗಡಿಯ ಮುಂದೆ ನಿಂತು, ಬೇಡದ ಹೂಗಳನ್ನೆಲ್ಲ ನೋಡಿದಳು. ಮನೆಗೆ ಹೋದರೆ ಮಾತಾಡಲು ಗೋಡೆಗಳಷ್ಟೇ. ಹಿಂದೆ ಓಡುವ ಹೆಜ್ಜೆಯ ಸದ್ದು ಕೇಳುವ ತನಕ ಅವಳು ಅಲ್ಲಿಂದ ಕದಲಲಿಲ್ಲ.

"ಅಮ್ಮಾವ್ರೇ... ಸ್ವಲ್ಪ ನಿಲ್ಲಿ! ದಮ್ಮಯ್ಯ, ಬರಬೇಕಂತೆ!" ಫಿರ್ಮಿನ್ ಏದುಸಿರು ಬಿಡುತ್ತಿದ್ದ.

ಅವಳು ಒಳಗೆ ಕಾಲಿಟ್ಟಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಬ್ಲಾನ್ಶ್ ಎರಡೂ ಕೆನ್ನೆಗೆ ಮುತ್ತಿಟ್ಟಳು. "ನೀನಿಲ್ದೆ ಊಟಾನೇ ಸೇರ್ತಿರ್ಲಿಲ್ಲ ಕಣೇ!"

ಇದು ತನಗಲ್ಲ, ಒಂದು ಅಂಕಿಗೆ ಸಿಕ್ಕ ಸ್ವಾಗತವೆಂದು ಓದಿಲ್‌ಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳಿಗೆ ಸಂತೋಷವಾಯಿತು. ಆ ಸಂತೋಷಕ್ಕೇ ಅವಳಿಗೆ ಅಳು ಬಂತು.

ಪಕ್ಕದಲ್ಲಿ ಕೂತಿದ್ದ ಲೂವೆಲ್ ಅವಳತ್ತ ಬಾಗಿದ. "ನೀವೂ ಈಗ ತಾನೇ ಬಂದ್ರಾ ಮೇಡಂ?"

"ಹೂಂ," ಎಂದಳು ಓದಿಲ್, ಬಟ್ಟಲು ಹತ್ತಿರ ಎಳೆದುಕೊಳ್ಳುತ್ತ. "ನನ್ನನ್ನೂ ಕಾಯ್ತಾ ಇದ್ರು."