ಒಲೆ ಮೇಲಿನ ಹಾಲು

ನಾನು ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ. ಮಗಳು ವಾಣಿ ಎಂ.ಎಸ್‌ಸಿ.ಯಲ್ಲಿ ಚಿನ್ನದ ಪದಕ ತಂದಾಗಲೂ "ಪರವಾಗಿಲ್ಲ" ಎಂದಷ್ಟೇ ಅಂದವಳು. ಅಂಥ ನಾನು ಪಕ್ಕದ ಮನೆಯ ಎಸ್ತರಮ್ಮನ ವಿಷಯ ಹೇಳಲು ಕೂತಿದ್ದೇನೆಂದರೆ ಸುಮ್ಮನೆ ಅಲ್ಲ.

ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಎಸ್ತರಮ್ಮನ ನಾಲಿಗೆಗೆ ಹೆದರದವರು ಇರಲಿಲ್ಲ. ಭಾನುವಾರ ಬಿಳಿ ಸೀರೆ ಉಟ್ಟು ಚರ್ಚಿಗೆ ಹೋಗಿಬರುವುದು, ಸೋಮವಾರದಿಂದ ಗೇಟಿಗೆ ಒರಗಿ ನಿಂತು ಯಾರ ಸೊಸೆ ತವರಿಗೆ ಹೋದಳು, ಯಾರ ಗಂಡ ಕುಡಿದು ಬಂದ ಎಂದು ಊರ ಉಸಾಬರಿ ಮಾಡುವುದು. ನಾವೇನು ಕಡಿಮೆಯಲ್ಲ, ಸೊಪ್ಪು ಬಿಡಿಸುತ್ತಾ ಗಂಟೆಗಟ್ಟಲೆ ಕಿವಿ ಕೊಡುತ್ತಿದ್ದೆವು.

ಹೋದ ವರ್ಷ ಈಸ್ಟರ್ ಕಳೆದ ಮೇಲೆ ಆಯಮ್ಮ ಇದ್ದಕ್ಕಿದ್ದಂತೆ ಬದಲಾದರು. ಯಾರ ಸುದ್ದಿ ತೆಗೆದರೂ "ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಒಳಗೆ ಹೋಗಿಬಿಡುವರು. ದಿನಕ್ಕೆ ಎಷ್ಟು ಸಲ ಹಾಲು ಕಾಯಿಸುತ್ತಾರಪ್ಪ ಎಂದು ನಾವು ನಗುತ್ತಿದ್ದೆವು. ಆಮೇಲೆ ಹಾಲಿನ ಮಾತೂ ನಿಂತಿತು. ಒಂದು ಸಂಜೆ ಎದುರು ಮನೆಯ ಮುನಿಲಕ್ಷ್ಮಮ್ಮ ಯಾರದೋ ವಿಷಯ ಶುರುಮಾಡಿದ್ದೇ ತಡ, ಎಸ್ತರಮ್ಮ ಕೈ ಮುಗಿದರು.

"ಒಲೆ ಮೇಲೆ ಹಾಲೂ ಇಲ್ಲ, ಏನೂ ಇಲ್ಲ ಕಣಮ್ಮ. ಅದೂ ಸುಳ್ಳೇ. ಇನ್ನೊಬ್ರ ಮನೆ ಮಾತು ನಂಗೆ ಬೇಡ, ಬಿಟ್ಬಿಟ್ಟಿದೀನಿ."

"ಸಿಗರೇಟ್ ಬಿಟ್ಟೋರ ಥರ ಹೇಳ್ತೀರಲ್ರೀ," ಎಂದೆ ನಾನು.

"ಅದಕ್ಕಿಂತ ಕಷ್ಟ. ಸಿಗರೇಟಾದ್ರೆ ಅಂಗಡಿಗೆ ಹೋಗ್ಬೇಕು, ಇದು ಬಾಯಲ್ಲೇ ಇರುತ್ತೆ. ತಪ್ಪಾಯ್ತು ಸ್ವಾಮಿ ಅಂತ ಮೊಣಕಾಲೂರೋದು ಸುಲಭ ಗಂಗರತ್ನಮ್ಮ. ಎದ್ದು ಬಂದ್ಮೇಲೆ ಅದೇ ತಪ್ಪು ಮಾಡ್ದೇ ಇರ್ಬೇಕಲ್ಲ."

ನನಗೆ ಮೈ ಉರಿಯಿತು. ಇದೊಂದು ಹೊಸ ನಾಟಕ ಎಂದುಕೊಂಡೆ.

ಅಷ್ಟಕ್ಕೂ ನನಗೆ ನನ್ನದೇ ಚಿಂತೆಯಿತ್ತು. ಮೂರು ವರ್ಷದ ಹಿಂದೆ ವಾಣಿಗೆ ಮಲ್ಲೇಶ್ವರದ ಒಂದು ಸಂಬಂಧ ಕೂಡಿಬಂದು, ಇನ್ನೇನು ನಿಶ್ಚಿತಾರ್ಥ ಎನ್ನುವಾಗ ಮುರಿದುಬಿದ್ದಿತ್ತು. ಹುಡುಗಿಗೆ ಫಿಟ್ಸ್ ಬರುತ್ತದಂತೆ! ಹೇಳಿದವರು ಯಾರು ಎಂದು ಎಷ್ಟು ಕೇಳಿದರೂ ಅವರು ಬಾಯಿ ಬಿಡಲಿಲ್ಲ. ಅಲ್ಲಿಂದಾಚೆಗೆ ಯಾವ ಮನೆಗೆ ಜಾತಕ ಕೊಟ್ಟರೂ ನಮಗಿಂತ ಮೊದಲು ಆ ಸುದ್ದಿ ಅಲ್ಲಿ ಹೋಗಿ ಕೂತಿರುತ್ತಿತ್ತು. ಕೊನೆಗೆ ವಾಣಿಯೇ, "ಅಮ್ಮಾ, ಇನ್ನು ಯಾರನ್ನೂ ಕರೀಬೇಡ" ಎಂದು ಅತ್ತಳು. ಈಗ ಗವಿಪುರಂನ ಆಕರ್ಷ ಎಂಬ ಹುಡುಗ ಅವಳಿಗೆ ಹಿಡಿಸಿದ್ದ. ಅವನ ಫೋನ್ ಬಂದರೆ ತಾರಸಿಗೆ ಓಡುತ್ತಿದ್ದಳು. ಇದೂ ತಪ್ಪಿಹೋದರೆ ಅವಳು ಮತ್ತೆ ಚೇತರಿಸಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಗಂಡಿನ ಕಡೆಯವರು ಹುಡುಗಿಯನ್ನು ನಮ್ಮ ಮನೆಯಲ್ಲಿ ನೋಡಿದರೂ ವಿಚಾರಿಸುವುದು ಅಕ್ಕಪಕ್ಕದಲ್ಲಿ. ಒಂದು ಬುಧವಾರ ಆಕರ್ಷನ ದೊಡ್ಡಮ್ಮ ಬಾಡಿಗೆ ಮನೆ ಹುಡುಕುವ ನೆಪ ಹೇಳಿಕೊಂಡು ಬಂದು ಎಸ್ತರಮ್ಮನ ಜಗಲಿಯಲ್ಲಿ ಕೂತರು. ನಮ್ಮ ಅಡುಗೆಮನೆಯ ಕಿಟಕಿ ಆ ಜಗಲಿಯ ಪಕ್ಕದಲ್ಲೇ ಇದೆ. ಫೋಟೋದಲ್ಲಿ ಕಂಡ ಮುಖ, ತಕ್ಷಣ ಗುರುತು ಸಿಕ್ಕಿತು. ಕುಕ್ಕರ್ ಆರಿಸಿ ಉಸಿರು ಬಿಗಿಹಿಡಿದು ನಿಂತೆ.

"ಪಕ್ಕದ್ಮನೆ ಹುಡುಗಿ ಹೇಗೆ? ಫಿಟ್ಸ್ ಇದೆ ಅಂತ ಹಿಂದೊಂದು ಸಂಬಂಧ ಮುರಿದೋಯ್ತಂತಲ್ಲ?" ಎಂದು ದೊಡ್ಡಮ್ಮ ಕೇಳಿದರು.

"ಬಂಗಾರದಂಥ ಹುಡುಗಿ. ಅದು ಸುಳ್ಳಮ್ಮ," ಎಂದರು ಎಸ್ತರಮ್ಮ.

"ಅಕ್ಕಪಕ್ಕದೋರು ಹಾಗೇ ಅಂತೀರ ಬಿಡಿ. ಏನೂ ಇಲ್ದೆ ಯಾರಾದ್ರೂ ಹೇಳ್ತಾರಾ?" ದೊಡ್ಡಮ್ಮ ಬ್ಯಾಗ್ ಎತ್ತಿಕೊಂಡು ಎದ್ದರು. ಮುಗಿಯಿತು, ನನ್ನ ಮಗಳ ಗತಿ ಇಷ್ಟೇ ಎಂದುಕೊಂಡೆ.

"ಕೂತ್ಕೊಳ್ಳಿ. ಹೇಳಿದ್ದು ನಾನೇ."

ನಾನು ಕಿಟಕಿಗೆ ಇನ್ನಷ್ಟು ಹತ್ತಿರ ಸರಿದೆ. ಎಸ್ತರಮ್ಮ ನಿಲ್ಲಿಸಲಿಲ್ಲ. "ವರಮಹಾಲಕ್ಷ್ಮಿ ಹಬ್ಬದ ದಿನ ಆ ಮಗು ಉಪವಾಸ ಇದ್ದು ಗೇಟ್ ಹತ್ರ ತಲೆ ಸುತ್ತಿ ಬಿತ್ತು. ಎಳನೀರು ಕುಡಿದು ಎದ್ದು ಓಡಾಡ್ತು, ಅಷ್ಟೇ ಆಗಿದ್ದು. ಅವರಮ್ಮ ನನ್ನ ಕೇಳ್ದೆ ನನ್ನ ನುಗ್ಗೆಮರದ ಕೊಂಬೆ ಕಡಿಸಿದ್ರು ಅಂತ ಸಿಟ್ಟಿತ್ತು. ಮಲ್ಲೇಶ್ವರದೋರು ಬಂದು ಕೇಳ್ದಾಗ ಫಿಟ್ಸ್ ಅಂತ ಕಥೆ ಕಟ್ದೆ. ದೇವರ ಹತ್ರ ಹೇಳ್ಕೊಂಡು ವರ್ಷ ಆಯ್ತು. ಇವ್ರ ಹತ್ರ ಹೇಳೋಕೆ ಧೈರ್ಯ ಬಂದಿರ್ಲಿಲ್ಲ. ಬನ್ನಿ, ಆ ಮಗು ಮುಂದೇನೇ ಹೇಳ್ತೀನಿ."

ನಮ್ಮ ಮನೆಯ ಕರೆಗಂಟೆ ಸದ್ದಾಯಿತು. ವಾಣಿ ಬಾಗಿಲು ತೆಗೆದಳು. ದೊಡ್ಡಮ್ಮನ ಎದುರು, ನಮ್ಮ ನಡುಮನೆಯಲ್ಲಿ ನಿಂತು ಎಸ್ತರಮ್ಮ ಎಲ್ಲವನ್ನೂ ಮತ್ತೆ ಹೇಳಿದರು. ಈ ಸಲ ನುಗ್ಗೆಮರದ ಮಾತೆತ್ತಲಿಲ್ಲ. ತಪ್ಪೆಲ್ಲ ತಮ್ಮದೇ ಎಂದರು.

"ನಿಮ್ಮ ಬಾಯಿಗೆ ಹುಳ ಬೀಳ!" ಎಂದು ನಾನು ಕಿರುಚಿದೆ. ಇನ್ನೂ ಏನೇನೋ ಅಂದೆ. ಆಯಮ್ಮ ಅಲುಗಾಡದೆ ನಿಂತು ಕೇಳಿಸಿಕೊಂಡರು. ವಾಣಿ ಮಾತ್ರ ಮೆಲ್ಲಗೆ ಕೇಳಿದಳು, "ಆಂಟಿ, ಇಷ್ಟು ವರ್ಷ ದಿನಾ ನನ್ನ ಮುಖ ಹೇಗೆ ನೋಡ್ತಿದ್ರಿ?"

"ನೋಡ್ತಿರ್ಲಿಲ್ಲಮ್ಮ," ಎಂದರು ಎಸ್ತರಮ್ಮ.

ಗವಿಪುರಂನವರು ಒಪ್ಪಿದರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಎಸ್ತರಮ್ಮನ ಮನೆ ಕಡೆಯ ಕಿಟಕಿಯನ್ನೇ ಮುಚ್ಚಿಟ್ಟೆ. ಆದರೆ ರೊಟ್ಟಿ ತಟ್ಟುವಾಗೆಲ್ಲ ಒಂದೇ ಯೋಚನೆ. "ಸುಳ್ಳು" ಎಂದು ಹೇಳಿ ಸುಮ್ಮನಿದ್ದಿದ್ದರೆ ಸಾಯುವವರೆಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನಾಗಿದ್ದರೆ ಹೇಳುತ್ತಿದ್ದೆನೇ? ಖಂಡಿತ ಇಲ್ಲ. ಅಷ್ಟು ದೊಡ್ಡ ಗುಂಡಿಗೆ ನನಗಿಲ್ಲ.

ನಿಶ್ಚಿತಾರ್ಥಕ್ಕೆ ಎಸ್ತರಮ್ಮನನ್ನು ವಾಣಿಯೇ ಹೋಗಿ ಕರೆದಳು. ಬಸವನಗುಡಿಯ ಛತ್ರದಲ್ಲಿ ಆಯಮ್ಮ ಹೂವಿನ ತಟ್ಟೆ ಹಿಡಿದು ಹಿಂದೆ ನಿಂತಿದ್ದರು. ಹೆಂಗಸರ ಗುಂಪಿನ ನಡುವೆ ಮುನಿಲಕ್ಷ್ಮಮ್ಮ ನನ್ನ ತೋಳು ತಿವಿದರು.

"ಅಲ್ರೀ ಗಂಗರತ್ನಮ್ಮ, ಹಿಂದಿನ ಸಂಬಂಧ ಮುರಿದೋರು ಯಾರು ಅಂತ ಗೊತ್ತಾಯ್ತಂತೆ? ಯಾರ್ರೀ ಆ ಪುಣ್ಯಾತ್ಗಿತ್ತಿ?"

ಎಲ್ಲರೂ ನನ್ನ ಕಡೆ ತಿರುಗಿದರು. ಎಸ್ತರಮ್ಮನ ಮುಖ ಬಿಳಚಿಕೊಂಡಿತು. ಆದರೆ ತಪ್ಪಿಸಿಕೊಂಡು ಹೋಗಲಿಲ್ಲ. ತಟ್ಟೆ ಕೆಳಗಿಟ್ಟು, ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದರು.

"ಅಯ್ಯೋ, ಒಲೆ ಮೇಲೆ ಹಾಲಿಟ್ಟಿದೀನಿ!" ಎಂದೆ ನಾನು. ಎಸ್ತರಮ್ಮನ ಕೈ ಹಿಡಿದು ದರದರ ಎಳೆದುಕೊಂಡು ಹೊರಟೆ.

"ಛತ್ರದಲ್ಲಿ ಯಾವ ಹಾಲ್ರೀ? ಅಡುಗೆಯೋರಿದಾರಲ್ಲ!" ಎಂದು ಮುನಿಲಕ್ಷ್ಮಮ್ಮ ಹಿಂದಿನಿಂದ ಕೂಗಿದರು.

ಊಟದ ಮನೆಯ ಬಾಗಿಲಲ್ಲಿ ಎಸ್ತರಮ್ಮ ನಿಂತುಬಿಟ್ಟರು. ಕಣ್ಣು ತುಂಬಿತ್ತು.

"ಅದೂ ಸುಳ್ಳೇ ಗಂಗರತ್ನಮ್ಮ."

"ಗೊತ್ತು. ನೀವು ಬಿಟ್ಟಿದೀರ, ನಾನಿನ್ನೂ ಬಿಟ್ಟಿಲ್ಲ," ಎಂದೆ. "ನಡೀರಿ, ಎಲೆ ಹಾಕಿದಾರೆ. ನನ್ನ ಪಕ್ಕಾನೇ ಕೂತ್ಕೊಳ್ಳಿ."